ಪೊಟ್ಟಲಕೆರೆಯ ತಿಥಿ, ಜಿನೀವಾದ ತಾರೀಖು

ಹೈದರಾಬಾದಿನಿಂದ ಮುಂಬಯಿಯ ಕಡೆಗೆ ಹೊರಟ ಹೆದ್ದಾರಿಯ ಮೇಲೆ, ನಗರದ ಗದ್ದಲವು ಇನ್ನೂ ಹಿಂದೆ ಸರಿಯದಿರುವಾಗಲೇ ಎದುರಾಗುವ ಪಟಾನ್‌ಚೆರು ಇಂದಿನ ಪಯಣಿಗನಿಗೆ ಕಾರ್ಖಾನೆಗಳ ಊರು. ಕೃಷಿವಿಜ್ಞಾನವನ್ನು ಬಲ್ಲವರಿಗೆ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ನೆಲೆ. ಕನ್ನಡ ಚರಿತ್ರೆಯನ್ನು ಪ್ರೀತಿಯಿಂದ ಓದಿದವನಿಗಾದರೋ ಇದು ಪೊಟ್ಟಲಕೆರೆ: ಕಲ್ಯಾಣವು ಇನ್ನೂ ರಾಜಧಾನಿಯ ಪಟ್ಟಕ್ಕೇರದಿದ್ದ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡಿದ್ದ ಪಟ್ಟಣ, ಅವನ ರಾಣಿ ಸುಗ್ಗಲೆಯು ದೇವರ ದಾಸಿಮಯ್ಯನ ಶಿಷ್ಯೆಯಾದಳೆಂದು ಶರಣಪರಂಪರೆಯು ನೆನೆಯುವ, ಪ್ರಾಚೀನ ಜಿನಬಿಂಬಗಳು ದೊರೆತಿರುವ ಪಟ್ಟಣ. ಇಲ್ಲಿ ಕುಳಿತು ಸ್ವಿಟ್ಜರ್ಲೆಂಡಿನ ಚಿನ್ನದ ಕೈಗಡಿಯಾರವೊಂದರ ವೃತ್ತಾಂತವನ್ನು ಓದುತ್ತಿದ್ದಾಗ ನನ್ನ ಮನಸ್ಸು ಪದೇ ಪದೇ ಚಾಲುಕ್ಯರ ಶಿಲಾಶಾಸನಗಳತ್ತ ಹರಿಯಿತು. ದಿನಗಳೇನೋ ಒಂದರ ಹಿಂದೊಂದು ಸಮವಾಗಿ ಬರುತ್ತವೆ, ತಿಂಗಳು ವರ್ಷಗಳು ಮಾತ್ರ ಸಮವಾಗಿಲ್ಲ ಎಂಬ ಒಂದೇ ತೊಡಕನ್ನು ಆ ಲೋಹವೂ ಈ ಕಲ್ಲೂ ತಮ್ಮ ತಮ್ಮ ರೀತಿಯಿಂದ ಬಿಡಿಸಲು ಯತ್ನಿಸಿದವು.

ತಾರೀಖನ್ನು ತೋರಿಸುವ ಸಾಮಾನ್ಯ ಗಡಿಯಾರವು ಪ್ರತಿಯೊಂದು ತಿಂಗಳಿಗೂ 31 ದಿನಗಳೆಂದೇ ಎಣಿಸುತ್ತದೆ. ಆದಕಾರಣ ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರುಗಳು ಮುಗಿದ ಮರುದಿನ, ಅಂದರೆ ವರ್ಷಕ್ಕೆ 5 ಸಲ, ಅದರ ಒಡೆಯನು ಕೀಯನ್ನು ಹೊರಗೆಳೆದು ತಿರುಗಿಸಿ ಅದನ್ನು ತಿದ್ದಬೇಕು. 1961ರಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳು ತಯಾರಾಗತೊಡಗಿದ ಮೇಲೆ ನಮ್ಮ ಎಷ್ಟೋ ಮನೆಗಳ ಮೇಷ್ಟರೂ ಗುಮಾಸ್ತರೂ ತಿಂಗಳ ಮೊದಲ ಬೆಳಗ್ಗೆ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರೇ. ಈ ತಿದ್ದುವಿಕೆಯನ್ನು ಯಂತ್ರದ ಹೊಟ್ಟೆಯೊಳಕ್ಕೇ ಸೇರಿಸಿದ ಗಡಿಯಾರವನ್ನು ನಿತ್ಯಪಂಚಾಂಗದ ಗಡಿಯಾರವೆನ್ನೋಣ. ಅದರ ಹೃದಯವೆಂದರೆ 4 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುವ ಪುಟ್ಟ ಬಿಲ್ಲೆ. ಅದರ ಅಂಚಿನಲ್ಲಿ 48 ತಿಂಗಳುಗಳಿಗೆ 48 ಸ್ಥಾನಗಳು; 31 ದಿನಗಳ ತಿಂಗಳಿಗೆ ಅಂಚು ಎತ್ತರವಾಗಿಯೇ ಉಳಿದಿರುತ್ತದೆ, 30ರದಕ್ಕೆ ತುಸು ತಗ್ಗು, ಫೆಬ್ರವರಿಗೆ ಆಳವಾದ ಕಚ್ಚು, ಆ ನಾಲ್ಕು ಫೆಬ್ರವರಿಗಳಲ್ಲಿ 29 ದಿನಗಳುಳ್ಳ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ ಆಳ. ಸನ್ನೆಕೋಲೊಂದರ ಮೂಗು ಈ ಆಳವನ್ನು ತಡವಿ ನೋಡಿ, ತಿಂಗಳ ಕೊನೆಯ ಇರುಳು ತಾರೀಖನ್ನು ಎಷ್ಟು ಮನೆ ಮುಂದಕ್ಕೆ ಹಾರಿಸಬೇಕೆಂದು ನಿರ್ಣಯಿಸುತ್ತದೆ. ಕುರುಡನು ಬೆರಳ ತುದಿಯಿಂದ ಓದುವಂತೆ ಲೋಹವು ಕಾಲವನ್ನು ಓದುವ ಈ ಕೌಶಲಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಲಂಡನ್ನಿನ ಥಾಮಸ್ ಮಡ್ಜ್ ಎಂಬ ಗಡಿಯಾರಶಿಲ್ಪಿಯು 1762ರ ಸುಮಾರಿಗೇ ಇಂತಹ ಜೇಬುಗಡಿಯಾರವನ್ನು ರಚಿಸಿದ್ದನು. ಅದು ಮಣಿಕಟ್ಟಿಗೆ ಏರಿದ್ದು 1925ರಲ್ಲಿ: ಜಿನೀವಾದ ಪಟೇಕ್ ಫಿಲಿಪ್ ಸಂಸ್ಥೆಯವರು, ಮಹಿಳೆಯರ ಕೊರಳಪದಕದ ಗಡಿಯಾರಕ್ಕೆಂದು 1898ರಲ್ಲಿ ಮಾಡಿಟ್ಟಿದ್ದ ಯಂತ್ರವೊಂದನ್ನು ಚಿನ್ನದ ಕವಚದಲ್ಲಿ ಕೂರಿಸಿ ಕೈಗಡಿಯಾರವನ್ನಾಗಿಸಿದರು. 1941ರಲ್ಲಿ ಅವರು ಹೊರತಂದ 1518 ಸಂಖ್ಯೆಯ ಮಾದರಿಯಲ್ಲಿ ನಿತ್ಯಪಂಚಾಂಗದೊಡನೆ ಕಾಲಮಾಪಕವೂ ಸೇರಿತ್ತು. ತಯಾರಾದವು ಕೇವಲ 281. ಅವುಗಳಲ್ಲಿ ಬಹುತೇಕ ಎಲ್ಲವೂ ಚಿನ್ನದವಾದ್ದರಿಂದ, ಬೆರಳೆಣಿಕೆಯಷ್ಟೇ ಇರುವ ಉಕ್ಕಿನವುಗಳಲ್ಲೊಂದು 2016ರ ಜಿನೀವಾ ಹರಾಜಿನಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕುಗಳಿಗೂ ಮಿಗಿಲಾದ ಬೆಲೆಗೆ ಹೋಯಿತು. ಸಂಗ್ರಾಹಕರ ಕಣ್ಣಿಗೆ ವಿರಳತೆಯೇ ಚಿನ್ನಕ್ಕಿಂತ ಹಿರಿದು.

ನಿತ್ಯವೆಂಬ ವಿಶೇಷಣಕ್ಕೂ ಒಂದು ಮೇರೆಯುಂಟು. ಶತಮಾನಗಳ ಕೊನೆಯ ವರ್ಷಗಳಲ್ಲಿ 400ರಿಂದ ಭಾಗವಾಗುವುದಕ್ಕೆ ಮಾತ್ರ ಅಧಿಕದಿನವಿರುವುದರಿಂದ 2100ನೆಯ ಇಸವಿಯ ಫೆಬ್ರವರಿಯಲ್ಲಿ ಈ ಗಡಿಯಾರಗಳು ಇಲ್ಲದ 29ನೆಯ ದಿನವನ್ನು ತೋರಿಸುವುವು. ಪಂಚಾಂಗವೆಂಬ ಹೆಸರಾದರೂ ಪೂರ್ಣವಾಗಿ ಸಲ್ಲುವುದಿಲ್ಲ: ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳಲ್ಲಿ ಅದಕ್ಕೆ ದಕ್ಕಿರುವುದು ವಾರವೊಂದೇ, ಹೆಚ್ಚೆಂದರೆ ಕಿಟಕಿಯಲ್ಲಿ ಇಣುಕುವ ಪುಟ್ಟ ಚಂದ್ರ. ಆ ಚಂದ್ರನನ್ನು ಸಾಮಾನ್ಯವಾಗಿ 59 ಹಲ್ಲುಗಳ ಚಕ್ರವು ತಿರುಗಿಸುತ್ತದೆ, ಎಂದರೆ ಎರಡು ಚಾಂದ್ರಮಾಸಗಳಿಗೆ 59 ದಿನಗಳು. ನಿಜವಾದ ಚಂದ್ರನು ಇದಕ್ಕಿಂತ ತುಸು ನಿಧಾನಿಯಾದ್ದರಿಂದ 2 ವರ್ಷ 8 ತಿಂಗಳ ಸುಮಾರಿಗೆ ಒಂದು ದಿನದ ತಪ್ಪು ಬೀಳುತ್ತದೆ. ನಮ್ಮಲ್ಲಿ ಅಧಿಕಮಾಸವು ಬರುವುದೂ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ. ಕಾರಣಗಳು ಬೇರೆ ಬೇರೆಯಾದರೂ ಈ ಕಾಕತಾಳೀಯವು ನನಗೆ ಅತ್ಯಂತ ಪ್ರಿಯವಾಗಿದೆ.

ತಿಥಿಯ ಸಂಗತಿಯೇ ಬೇರೆ. ಸೂರ್ಯನಿಂದ ಚಂದ್ರನು 12 ಅಂಶ ದೂರ ಸರಿದಾಗ ಒಂದು ತಿಥಿ ಮುಗಿಯುವುದಾದ್ದರಿಂದಲೂ, ಚಂದ್ರನ ನಡೆ ಒಂದೇ ವೇಗದ್ದಲ್ಲವಾದ್ದರಿಂದಲೂ, ಒಂದು ತಿಥಿ 20 ಗಂಟೆಗೂ ಮೊದಲೇ ಮುಗಿದೀತು, ಇನ್ನೊಂದು 26 ಗಂಟೆಯವರೆಗೂ ಲಂಬಿಸೀತು; ಇದನ್ನು ಕಚ್ಚುಗಳ ಬಿಲ್ಲೆಯಲ್ಲಿ ಕೊರೆದಿಡಲು ಬಾರದು. ಕನ್ನಡ ಶಾಸನಕಾರನು ಹಿಡಿದದ್ದು ಇನ್ನೊಂದು ದಾರಿ. ಅವನು ಶಕವರ್ಷವನ್ನು ಹೇಳುವನು, ಒಡನೆಯೇ ಸಂವತ್ಸರದ ಹೆಸರನ್ನು, ಅನಂತರ ಮಾಸ, ಪಕ್ಷ, ತಿಥಿ, ವಾರಗಳನ್ನು, ಸಾಲದೆಂಬಂತೆ ಸಂಕ್ರಾಂತಿಯನ್ನೋ ವ್ಯತೀಪಾತವನ್ನೋ ಗ್ರಹಣವನ್ನೋ ಹೇಳುವನು. ದಾನಕ್ಕೆ ಪುಣ್ಯಕಾಲ ಬೇಕೆಂಬುದು ಇದಕ್ಕೆ ಕಾರಣವಾದರೂ ಇದರ ಫಲವಾಗಿ ಒಂದು ದಿನಕ್ಕೆ ಆರೇಳು ಗೂಟಗಳು ದೊರೆತವು. ಒಂದು ಸಡಿಲಿದರೂ ಉಳಿದವು ದಿನವನ್ನು ಹಿಡಿದಿಟ್ಟುಕೊಳ್ಳುವುವು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದಾಗಲೂ ಕಾಲದ ಎಳೆ ಕಡಿಯದಿದ್ದುದು ಈ ಗೂಟಗಳಿಂದಲೇ. ಆ ಮೊದಲ ವರ್ಷವು ಶಕ 998, ನಳ ಸಂವತ್ಸರ.

ಈ ಸೀಮೆಗೆ ಎಣಿಕೆಗಳ ಬಳಕೆ ಅಲ್ಲಿಗೇ ಮುಗಿಯಲಿಲ್ಲ. ನಿಜಾಮರ ಆಳ್ವಿಕೆ 1948ರಲ್ಲಿ ಕೊನೆಗೊಳ್ಳುವವರೆಗೆ ಸರ್ಕಾರದ ಲೆಕ್ಕವು ಫಸಲಿ ವರ್ಷದಲ್ಲಿ, ಆಜರ್, ದೈ, ಬಹಮನ್ ಎಂಬ ಪಾರಸೀ ತಿಂಗಳುಗಳಲ್ಲಿ ನಡೆಯುತ್ತಿತ್ತು. ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡ ರೈತನು ಕಂದಾಯವನ್ನು ಫಸಲಿಯಲ್ಲಿ ಕಟ್ಟಿ, ಮೊಹರಮ್ಮಿನ ಪಂಜಾವನ್ನು ಹಿಜರಿಯಲ್ಲಿ ಎದುರುನೋಡಿ, ಮಗಳ ಲಗ್ನವನ್ನು ಪಂಚಾಂಗದಲ್ಲಿ ಗೊತ್ತುಮಾಡುತ್ತಿದ್ದನು.

ಚಿನ್ನದ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಕೀ ಕೊಡದೆ ಬಿಟ್ಟರೆ ಎರಡು ದಿನಗಳಲ್ಲಿ ನಿಂತುಹೋಗುತ್ತದೆ. ಮುಂದೆ ಕವಚದ ಪಕ್ಕದ ಸಣ್ಣ ಗುಂಡಿಗಳನ್ನೊತ್ತಿ ಇಂದಿನ ದಿನವನ್ನು ಹೊರಗಿನವರೇ ಅದಕ್ಕೆ ಹೇಳಿಕೊಡಬೇಕು. ಕಲ್ಲಿನ ತಿಥಿಯನ್ನು ಪರೀಕ್ಷಿಸಲು ಮದರಾಸಿನ ಸ್ವಾಮಿಕಣ್ಣು ಪಿಳ್ಳೆಯವರು 700ನೆಯ ಇಸವಿಯಿಂದ ಮೊದಲ್ಗೊಂಡು ಸಾವಿರಕ್ಕೂ ಹೆಚ್ಚು ವರ್ಷಗಳ ದಿನದಿನದ ಗಣಿತವನ್ನು ಸಂಪುಟಗಳಲ್ಲಿ ಹಾಕಿಟ್ಟರು. ವಿದ್ವಾಂಸರು ಆ ಪುಟಗಳನ್ನು ತೆರೆದು, ಚಾಲುಕ್ಯ ಶಾಸನದ ಅಮಾವಾಸ್ಯೆಯೂ ಅದರ ವಾರವೂ ಸೂರ್ಯಗ್ರಹಣವೂ ಒಂದನ್ನೊಂದು ಕೂಡುತ್ತವೆಯೇ ಎಂದು ನೋಡುತ್ತಾರೆ. ಕೂಡಿದರೆ ಇಸವಿ, ತಿಂಗಳು, ತಾರೀಖನ್ನು ಬರೆದುಕೊಳ್ಳುತ್ತಾರೆ, ಕೂಡದಿದ್ದರೆ ಬರೆದವನ ಕೈತಪ್ಪೋ ಶಾಸನವೇ ಕೂಟವೋ ಎಂದು ಮತ್ತೆ ಮೊದಲ ಸಾಲಿನಿಂದ ಓದತೊಡಗುತ್ತಾರೆ.