ಒಡಂಬಡಿಕೆಯ ಭಾಷೆ ಮತ್ತು ನಮ್ಮ ಕರಾವಳಿಯ ಇತಿಹಾಸ



ನಮ್ಮ ಶಾಲಾ ಸಮಾರಂಭಗಳಲ್ಲಿ ಇಬ್ನ್ ಬತೂತಾರ ಹೆಸರು ಬಾರದ ಭಾಷಣ ಅಪರೂಪ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಅಲ್ಲಿಯ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಾಗಿತ್ತು ಎಂದು 14ನೇ ಶತಮಾನದ ಆ ಪ್ರವಾಸಿ ಬರೆದಿಟ್ಟಿದ್ದಾರೆ. ಅಭಿಮಾನಪಡಬೇಕಾದ ಸಂಗತಿಯೇ. ಆದರೆ ಅದೇ ಗ್ರಂಥದಲ್ಲಿ ಹೊನ್ನಾವರದ ಇನ್ನೊಂದು ಪ್ರಸಂಗವೂ ಇದೆ. ಅದನ್ನು ನಾವು ವೇದಿಕೆಯ ಮೇಲೆ ಹೇಳುವುದಿಲ್ಲ. ಅಲ್ಲಿಗೆ ಬರುವ ಮುನ್ನ, ಭಟ್ಕಳ, ಹೊನ್ನಾವರ, ಕುಮಟಾದ ನಮಗೆಲ್ಲ ಪರಿಚಿತವಾದ ಪೋರ್ಚುಗೀಸರ ಕಥೆಯಿಂದಲೇ ಆರಂಭಿಸೋಣ.

1502ರಲ್ಲಿ ವಾಸ್ಕೋ ಡ ಗಾಮಾ ಎರಡನೆಯ ಬಾರಿ ಭಾರತಕ್ಕೆ ಬಂದಾಗ ಅವನ ನೌಕಾಪಡೆ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟು ಭಟ್ಕಳಕ್ಕೆ ಬಂತು. ಭಟ್ಕಳದ ಅರಸನ ಮೇಲೆ ಹೇರಿದ ಷರತ್ತುಗಳನ್ನು ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೆಯ ದಾಖಲಿಸಿದ್ದಾನೆ: ತುರ್ಕರು ಇಲ್ಲಿ ವ್ಯಾಪಾರ ಮಾಡಕೂಡದು, ಮೆಣಸಿನ ವಹಿವಾಟು ನಡೆಯಕೂಡದು, ಇಲ್ಲಿನ ಹಡಗುಗಳು ಕಲ್ಲಿಕೋಟೆಗೆ ಹೋಗಕೂಡದು. ಜೊತೆಗೆ ವರ್ಷಕ್ಕೆ 1,500 ಹೊರೆ ಅಕ್ಕಿಯ ಕಪ್ಪ. ಅದರಲ್ಲಿ 1,000 ಹೊರೆ ಸಾಮಾನ್ಯ ಅಕ್ಕಿ ನಾವಿಕರಿಗೆ, 500 ಹೊರೆ ಉತ್ತಮ ಅಕ್ಕಿ ಅಧಿಕಾರಿಗಳಿಗೆ. ಅಕ್ಕಿಯಲ್ಲೂ ದರ್ಜೆ ನೋಡಿದ ಜನ ಅವರು! ಅದೇ ಯಾನದಲ್ಲಿ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟರು. ಅದಕ್ಕೆ ಅವರು ಕೊಟ್ಟ ಕಾರಣ, 1500ರಲ್ಲಿ ಕಲ್ಲಿಕೋಟೆಯಲ್ಲಿ ತಮ್ಮವರ ಹತ್ಯೆಯಾದದ್ದು.

ಇಲ್ಲಿ ಗಮನಿಸಬೇಕಾದದ್ದು ಕ್ರೌರ್ಯವನ್ನಷ್ಟೇ ಅಲ್ಲ, ಅದಕ್ಕೆ ಹೊದಿಸಿದ ಮಾತನ್ನು. 1552ರಲ್ಲಿ ಪ್ರಕಟಣೆ ಆರಂಭವಾದ ತನ್ನ ಇತಿಹಾಸದಲ್ಲಿ ಜುವಾಂವ್ ಡಿ ಬಾರೋಸ್ ಒಂದು ವಾದ ಹೂಡುತ್ತಾನೆ. ಸಮುದ್ರ ಎಲ್ಲರಿಗೂ ಸೇರಿದ್ದು ಎಂಬ ನಿಯಮ ನಿಜ, ಆದರೆ ಅದು ಯೂರೋಪಿನ ಕ್ರೈಸ್ತರ ನಡುವೆ ಮಾತ್ರ; ಮುಸ್ಲಿಮರೂ ಇತರರೂ ಆ ಧರ್ಮದ ಹೊರಗಿನವರಾದ್ದರಿಂದ ಅವರಿಗೆ ಆ ಹಕ್ಕಿಲ್ಲ. ಪೋರ್ಚುಗೀಸರ ಪರವಾನಗಿ ಚೀಟಿಯಿಲ್ಲದ ಹಡಗನ್ನು ದೋಚುವುದು ಹೀಗೆ ಕಳ್ಳತನವಾಗದೆ ನ್ಯಾಯವಾಯಿತು.

ಇದನ್ನು ಖಂಡಿಸಿದವನು ಡಚ್ ವಿದ್ವಾಂಸ ಗ್ರೋಷಿಯಸ್. ಸಮುದ್ರ ಸಕಲ ಮಾನವರದು ಎಂದು 1609ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಓದಿ ಸಂತೋಷಪಡುವಷ್ಟರಲ್ಲಿ, ಅದು ಡಚ್ ಕಂಪೆನಿಯ ಪರವಾಗಿ ಬರೆದದ್ದೆಂದು ತಿಳಿಯುತ್ತದೆ. 1613ರಲ್ಲಿ ಅದೇ ಗ್ರೋಷಿಯಸ್ ಲಂಡನ್ನಿಗೆ ಹೋಗಿ, ಸಾಂಬಾರ ದ್ವೀಪಗಳಲ್ಲಿ ಡಚ್ಚರ ಏಕಸ್ವಾಮ್ಯ ಸರಿಯೆಂದು ವಾದಿಸಿದ. ಇಂಗ್ಲಿಷರು ಅವನ ಪುಸ್ತಕದ ಮಾತನ್ನೇ ಅವನೆದುರು ಹಿಡಿದರು.

ಹಾಗಾದರೆ ರಾಜತಂತ್ರದಲ್ಲಿ ನೀತಿಯ ಮಾತೇ ಬೇಡವೇ? ಹುದೈಬಿಯಾ ಒಪ್ಪಂದವನ್ನು ನೆನೆಯಿರಿ. 628ರಲ್ಲಿ ಕರಾರು ಬರೆಸುವಾಗ ಪ್ರವಾದಿ(ಸ)ಯವರ ಹೆಸರಿನ ಜೊತೆಗಿದ್ದ ‘ಅಲ್ಲಾಹನ ಸಂದೇಶವಾಹಕ’ ಎಂಬ ಪದಕ್ಕೆ ಕುರೈಷರ ಪ್ರತಿನಿಧಿ ಸುಹೈಲ್ ಆಕ್ಷೇಪಿಸಿದ. ಪ್ರವಾದಿ(ಸ) ಅದನ್ನು ಅಳಿಸಿ ‘ಅಬ್ದುಲ್ಲಾರ ಪುತ್ರ ಮುಹಮ್ಮದ್’ ಎಂದು ಬರೆಸಿದರು. ಮಕ್ಕಾದಿಂದ ಓಡಿಬಂದವರನ್ನು ಹಿಂದಿರುಗಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಅಷ್ಟರಲ್ಲೇ ಸುಹೈಲನ ಸ್ವಂತ ಮಗ ಅಬೂ ಜಂದಲ್ ಸಂಕೋಲೆ ಎಳೆದುಕೊಂಡು ಬಂದು ಮುಸ್ಲಿಮರ ಆಶ್ರಯ ಬೇಡಿದರು. ಸಹಾಬಿಗಳ ಹೃದಯ ಒಡೆಯಿತು. ಆದರೂ ಅವರನ್ನು ಹಿಂದಿರುಗಿಸಲಾಯಿತು. ಅಲ್ಲಿ ಬಿಟ್ಟುಕೊಟ್ಟದ್ದು ಬಿರುದನ್ನು, ಕೊಟ್ಟ ಮಾತನ್ನಲ್ಲ.

ಈ ಅಳತೆಗೋಲನ್ನು ಪೋರ್ಚುಗೀಸರ ಮೇಲಿಟ್ಟು ನೋಡುವುದು ಸುಲಭ. ಈಗ ನಮ್ಮ ಹೊನ್ನಾವರದ ಮೇಲಿಡೋಣ.

1342ರ ಸುಮಾರಿಗೆ ಗೋವೆಯ ಅರಸನಿಗೂ ಅವನ ಮಗನಿಗೂ ಜಗಳವಾಯಿತು. ಮಗ ಹೊನ್ನಾವರದ ಸುಲ್ತಾನ್ ಜಮಾಲುದ್ದೀನರಿಗೆ ಪತ್ರ ಬರೆದ: ಬಂದು ಊರನ್ನು ವಶಪಡಿಸಿಕೊಳ್ಳಿ, ನಾನು ಇಸ್ಲಾಮ್ ಸ್ವೀಕರಿಸಿ ನಿಮ್ಮ ಸಹೋದರಿಯನ್ನು ವರಿಸುತ್ತೇನೆ. ಸುಲ್ತಾನರು 52 ಹಡಗುಗಳನ್ನು ಸಜ್ಜುಗೊಳಿಸಿದರು. ಇದನ್ನು ಜಿಹಾದ್ ಎಂದೇ ಕರೆಯಲಾಯಿತು. ವಿಚಿತ್ರವೆಂದರೆ ಸುಲ್ತಾನರು ಸ್ವತಃ ಹರ್ಯಬ್ ಎಂಬ ಮುಸ್ಲಿಮೇತರ ಅರಸನ ಅಧೀನದಲ್ಲಿದ್ದರು.

ಇಬ್ನ್ ಬತೂತಾ ಶಕುನ ನೋಡಲು ಮುಸ್‌ಹಫ್ ತೆರೆದರು. ಪುಟದ ಆರಂಭದಲ್ಲೇ ಕಂಡದ್ದು, ಅಲ್ಲಾಹನಿಗೆ ನೆರವಾಗುವವರಿಗೆ ಅವನು ನೆರವಾಗುವನೆಂಬ ಭರವಸೆ. ಸುಲ್ತಾನರಿಗೆ ತಿಳಿಸಿದಾಗ ಅವರು ಸಂತೋಷಗೊಂಡು ತಾವೇ ಹೊರಟರು. ಆದರೆ ಅದು ಅರ್ಧ ಆಯತ್. ಸೂರಃ ಹಜ್ಜ್‌ನ ಆ 40ನೇ ಆಯತ್‌ನ ಮೊದಲರ್ಧ ಹಿಂದಿನ ಪುಟದಲ್ಲಿ ಉಳಿದಿತ್ತು. ಅಲ್ಲಿರುವುದು ಅನ್ಯಾಯವಾಗಿ ಮನೆಗಳಿಂದ ಹೊರದೂಡಲ್ಪಟ್ಟವರ ಮಾತು; ಮಸೀದಿಗಳ ಜೊತೆ ಮಠ, ಇಗರ್ಜಿ, ಯಹೂದಿಗಳ ಆರಾಧನಾಲಯಗಳೂ ನಾಶವಾಗದೆ ಉಳಿಯಬೇಕೆಂಬ ಮಾತು. ಗೋವೆಯಿಂದ ಹೊನ್ನಾವರದ ಯಾರನ್ನೂ ಯಾರೂ ಹೊರದೂಡಿದ್ದನ್ನು ಇಬ್ನ್ ಬತೂತಾ ಹೇಳುವುದಿಲ್ಲ. ಅವರು ಕೊಡುವ ಕಾರಣ ತಂದೆ ಮಗನ ಜಗಳವೊಂದೇ.

ಗೋವೆ ವಶವಾಯಿತು. ಕೆಲವು ತಿಂಗಳಲ್ಲಿ ಅಲ್ಲಿನ ಅರಸ ಮರಳಿ ಬಂದು ಮುತ್ತಿಗೆ ಹಾಕಿದ. ಸುತ್ತಲ ಹಳ್ಳಿಗಳಲ್ಲಿ ಚದುರಿಹೋಗಿದ್ದ ಸುಲ್ತಾನರ ಸೈನಿಕರು ನೆರವಿಗೆ ಬರಲಿಲ್ಲ. ಶಕುನ ಹೇಳಿದ್ದ ಇಬ್ನ್ ಬತೂತಾ ಮುತ್ತಿಗೆಯ ನಡುವೆಯೇ ಊರು ಬಿಟ್ಟು ಕಲ್ಲಿಕೋಟೆಯ ದಾರಿ ಹಿಡಿದರು.