ಕ್ಯಾನಬಿಡಿಯಾಲ್: ಅಪಸ್ಮಾರ ಚಿಕಿತ್ಸೆಯ ಇತಿಹಾಸ

ಕ್ಯಾನಬಿಡಿಯಾಲ್ ಅಥವಾ ಸಿಬಿಡಿ ಗಾಂಜಾ ಗಿಡದಲ್ಲಿರುವ, ಅಮಲೇರಿಸದ ರಾಸಾಯನಿಕ. ಅಪಸ್ಮಾರದ (ಮೂರ್ಛೆರೋಗ, ಫಿಟ್ಸ್) ಕೆಲವು ತೀವ್ರ ಬಗೆಗಳಿಗೆ ಇದು ಔಷಧ. ಇದರ ಚರಿತ್ರೆ ಹೇಳುವ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ: ಇಡೀ ಗಿಡದ ಗುಣವನ್ನು ಈ ಒಂದೇ ವಸ್ತುವಿನ ಲೆಕ್ಕಕ್ಕೆ ಹಾಕುವುದು, ಸೆಳವು ತಡೆಯುವುದನ್ನೂ ಮಿದುಳಿನ ಜೀವಕೋಶಗಳನ್ನು ಉಳಿಸುವುದನ್ನೂ ಒಂದೇ ಎಂದು ತಿಳಿಯುವುದು.

ಮೊದಲ ಗೊಂದಲದ ಮೂಲ ಕಲ್ಕತ್ತಾದಲ್ಲಿದೆ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾಗ್ನೆಸಿ 1839ರಲ್ಲಿ ಗಾಂಜಾ ಕುರಿತು ಪ್ರಬಂಧ ಮಂಡಿಸಿದರು. ಅವರು ದಾಖಲಿಸಿದ ರೋಗಿಗಳಲ್ಲಿ 40 ದಿನದ ಹೆಣ್ಣು ಶಿಶುವೊಂದಿತ್ತು. ತಲೆಗೆ ಜಿಗಣೆ ಹಚ್ಚಿಸಿದರೂ ಸೆಳವು ನಿಂತಿರಲಿಲ್ಲ. ಮದ್ಯಸಾರದಲ್ಲಿ ಕರಗಿಸಿದ ಗಾಂಜಾ ಅರ್ಕವನ್ನು ಹನಿಲೆಕ್ಕದಲ್ಲಿ ಕೊಟ್ಟಾಗ ಮಗು ನಿದ್ದೆ ಹೋಯಿತು. ಸೆಳವು ಮರುಕಳಿಸಿದಾಗ ಪ್ರಮಾಣ ಏರಿಸಿದರು. ಕೊನೆಗೆ ಮಗು ಚೇತರಿಸಿಕೊಂಡಿತು. ಈ ಪ್ರಕರಣವನ್ನು ಸಿಬಿಡಿಯ ಮೊದಲ ಯಶಸ್ಸು ಎನ್ನುವುದು ಸರಿಯಲ್ಲ. ಆ ಅರ್ಕ ಅಮಲಿನ ಅಂಶವಾದ ಟಿಎಚ್‌ಸಿ ಇದ್ದ ಗಾಂಜಾದಿಂದ ತಯಾರಾದದ್ದು. ಎಳೆಗೂಸುಗಳ ಸೆಳವು ತಾನಾಗಿಯೇ ನಿಲ್ಲುವುದೂ ಉಂಟು.

ಅಪಸ್ಮಾರಕ್ಕೆ 1912ರಲ್ಲಿ ಫಿನೊಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಔಷಧಗಳು ಬಂದವು. ಅಮೆರಿಕದ ಇಲಿನಾಯ್‌ನಲ್ಲಿ ರೋಜರ್ ಆಡಮ್ಸ್ 1940ರಲ್ಲಿ ಸಿಬಿಡಿಯನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೋಲಂ ಮತ್ತು ಯುವಾಲ್ ಶ್ವೋ ಅದರ ರಚನೆ ಬಿಡಿಸಿಟ್ಟರು.

ನಿಜವಾದ ತಿರುವು ಬ್ರೆಜಿಲ್‌ನದು. ಅದಕ್ಕೆ ಸಿಗಬೇಕಾದ ಮನ್ನಣೆ ಇಂದಿಗೂ ಸಿಕ್ಕಿಲ್ಲ. ಅಲ್ಲಿನ ಸಂಶೋಧಕ ಎಲಿಸಾಲ್ಡೊ ಕಾರ್ಲಿನಿಯವರ ತಂಡ ಸಿಬಿಡಿಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದ ಬಳಿಕ, ಔಷಧಗಳಿಗೆ ಬಗ್ಗದ 15 ರೋಗಿಗಳ ಮೇಲೆ ನಡೆಸಿದ ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಎಲ್ಲರೂ ಹಳೆಯ ಔಷಧ ಮುಂದುವರಿಸಿದರು. 8 ಮಂದಿಗೆ ದಿನಕ್ಕೆ 200ರಿಂದ 300 ಮಿಲಿಗ್ರಾಂ ಸಿಬಿಡಿ, 7 ಮಂದಿಗೆ ಹುಸಿಮಾತ್ರೆ. ಸಿಬಿಡಿ ಪಡೆದವರಲ್ಲಿ ನಾಲ್ವರಿಗೆ ಸೆಳವು ಹೆಚ್ಚುಕಡಿಮೆ ನಿಂತೇಹೋಯಿತು, ಮೂವರಿಗೆ ಭಾಗಶಃ ತಗ್ಗಿತು. ಹುಸಿಮಾತ್ರೆ ಪಡೆದವರಲ್ಲಿ ಒಬ್ಬರಿಗಷ್ಟೇ ಗುಣ ಕಂಡಿತು. ಇಷ್ಟಾದರೂ ಮೂರು ದಶಕ ಯಾರೂ ದೊಡ್ಡ ಪ್ರಯೋಗಕ್ಕೆ ಮುಂದಾಗಲಿಲ್ಲ.

ಎರಡನೆಯ ಗೊಂದಲ 1998ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಏಡನ್ ಹ್ಯಾಂಪ್ಸನ್, ನೊಬೆಲ್ ಪುರಸ್ಕೃತ ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ನರಕೋಶಗಳಿಗೆ ನರಕೋಶಗಳ ನಡುವಿನ ಸಂಕೇತವಾಹಕ ರಾಸಾಯನಿಕವಾದ ಗ್ಲುಟಮೇಟ್ ಅನ್ನು ವಿಷದ ಮಟ್ಟದಲ್ಲಿ ಕೊಟ್ಟರು. ಸಿಬಿಡಿ ಬೆರೆಸಿದಾಗ ಕೋಶಗಳ ಸಾವು ತಗ್ಗಿತು. ಇದರ ಮೇಲೆ ಅಮೆರಿಕ ಸರ್ಕಾರ 2003ರಲ್ಲಿ ಪೇಟೆಂಟ್ ಪಡೆಯಿತು. ಗಾಂಜಾ ಮಿದುಳನ್ನು ಕಾಯುತ್ತದೆ ಎಂಬುದಕ್ಕೆ ಈ ಪೇಟೆಂಟನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಪೇಟೆಂಟ್ ಆವಿಷ್ಕಾರದ ಹಕ್ಕು ಕೊಡುತ್ತದೆಯೇ ಹೊರತು ರೋಗಿಗೆ ಗುಣವಾಗುತ್ತದೆ ಎಂದು ಪ್ರಮಾಣೀಕರಿಸುವುದಿಲ್ಲ.

ಸಿಬಿಡಿ ಹೆಚ್ಚಿದ್ದ ಗಾಂಜಾ ಅರ್ಕದಿಂದ ಸೆಳವು ತಗ್ಗಿದ ಕೊಲೊರಾಡೊದ ಬಾಲಕಿ ಷಾರ್ಲಟ್ ಫಿಗಿಯ ಕಥೆ 2013ರಲ್ಲಿ ಟಿವಿಯಲ್ಲಿ ಬಂದ ಮೇಲೆ ಸಿಬಿಡಿಗೆ ಬೇಡಿಕೆ ಭುಗಿಲೆದ್ದಿತು. ಎಳವೆಯಲ್ಲೇ ಶುರುವಾಗುವ ತೀವ್ರ ಅಪಸ್ಮಾರವಾದ ಡ್ರಾವೆ ಸಿಂಡ್ರೋಮ್ ಇರುವ 120 ಮಕ್ಕಳು ಮತ್ತು ಯುವಜನರ ಪ್ರಯೋಗ 2017ರಲ್ಲಿ ಪ್ರಕಟವಾಯಿತು: ಸಿಬಿಡಿ ಗುಂಪಿನಲ್ಲಿ ತಿಂಗಳ ಸೆಳವಿನ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು, ಹುಸಿಔಷಧದ ಗುಂಪಿನಲ್ಲಿ 14.9ರಿಂದ 14.1ಕ್ಕೆ. 2018ರ ಜೂನ್‌ನಲ್ಲಿ ಅಮೆರಿಕ ಸಿಬಿಡಿಯ ಔಷಧವಾದ ಎಪಿಡಿಯೊಲೆಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ವಾದ ಅಲ್ಲಿಗೇ ಮುಗಿಯಲಿಲ್ಲ. ಸಿಬಿಡಿಯನ್ನು ಕ್ಲೋಬಜಾಂ ಎಂಬ ಇನ್ನೊಂದು ಅಪಸ್ಮಾರ ಔಷಧದ ಜತೆ ಸೇವಿಸಿದಾಗ ಕ್ಲೋಬಜಾಂನ ಸಕ್ರಿಯ ಅಂಶ ರಕ್ತದಲ್ಲಿ ಏರುತ್ತದೆ. ಗುಣದಲ್ಲಿ ಸಿಬಿಡಿಯ ಪಾಲೆಷ್ಟು ಎಂಬ ಪ್ರಶ್ನೆ ಅದರಿಂದಲೇ ಎದ್ದಿತು. 2019ರಲ್ಲಿ ಯುರೋಪ್ ಡ್ರಾವೆ ಮತ್ತು ಇನ್ನೊಂದು ತೀವ್ರ ಅಪಸ್ಮಾರವಾದ ಲೆನಾಕ್ಸ್–ಗ್ಯಾಸ್ಟೊ ಸಿಂಡ್ರೋಮ್‌ಗಳಿಗೆ ಕ್ಲೋಬಜಾಂ ಜತೆಗಷ್ಟೇ ಒಪ್ಪಿತು. ಅಮೆರಿಕ ಆ ಷರತ್ತು ಹಾಕಿರಲಿಲ್ಲ. 2020ರಲ್ಲಿ ಅಮೆರಿಕ ಆನುವಂಶಿಕ ಕಾಯಿಲೆಯಾದ ಟ್ಯೂಬರಸ್ ಸ್ಕ್ಲೆರೋಸಿಸ್‌ನ ಸೆಳವಿಗೂ ಇದನ್ನು ಅನುಮೋದಿಸಿತು. ಈ ಒಪ್ಪಿಗೆಗಳೆಲ್ಲ ಸೆಳವಿಗೆ ಸಂಬಂಧಿಸಿದವು. ಮಿದುಳಿನ ಹಾನಿ ತಡೆಯುವ ಔಷಧವೆಂದು ಯಾವುದೂ ಹೇಳುವುದಿಲ್ಲ.