ಎಮಲ್ಷನ್‌ನಲ್ಲಿ ಸ್ಥಳೀಯ ಅರಿವಳಿಕೆ ಔಷಧಗಳ ಹಂಚಿಕೆ

ಎಣ್ಣೆ ಮತ್ತು ನೀರಿನ ಎಮಲ್ಷನ್‌ಗೆ ಸೇರಿದ ಸ್ಥಳೀಯ ಅರಿವಳಿಕೆ ಔಷಧ ಎಣ್ಣೆಹನಿಯೊಳಗೆ ಎಷ್ಟು, ಹನಿಯ ಹೊರಮೈಯಲ್ಲಿ ಎಷ್ಟು, ಸುತ್ತಲಿನ ನೀರಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಅದರ ಹಂಚಿಕೆ. ಚರ್ಮ ಮರಗಟ್ಟಿಸುವ ಮುಲಾಮಿನ ಗುಣ ಇದರಿಂದಲೇ ತೀರ್ಮಾನವಾಗುತ್ತದೆ.

ಲಿಗ್ನೋಕೇನ್, ಪ್ರಿಲೋಕೇನ್, ಬುಪಿವಕೇನ್ ಎಂಬ ಸ್ಥಳೀಯ ಅರಿವಳಿಕೆ ಔಷಧಗಳು ಮೂರೂ ದುರ್ಬಲ ಪ್ರತ್ಯಾಮ್ಲಗಳು. ಧನ ವಿದ್ಯುದಂಶ ಪಡೆದ ಅಣು ನೀರಿನಲ್ಲಿ ನಿಲ್ಲುತ್ತದೆ, ಪಡೆಯದ ಅಣು ಎಣ್ಣೆಗೆ ಸೇರುತ್ತದೆ. ರಕ್ತದ ಪಿಎಚ್ 7.4ರಲ್ಲಿ ಲಿಗ್ನೋಕೇನಿನ ಸುಮಾರು ಕಾಲುಭಾಗವಷ್ಟೇ ವಿದ್ಯುದಂಶರಹಿತ. ಪಿಎಚ್ 9 ದಾಟಿದರೆ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು. ಬುಪಿವಕೇನ್ ಇವುಗಳಲ್ಲೆಲ್ಲ ಹೆಚ್ಚು ಕೊಬ್ಬುಪ್ರಿಯ.

ಸ್ವೀಡನ್ನಿನ ಆಸ್ಟ್ರಾ ಕಂಪನಿ 1980ರ ದಶಕದಲ್ಲಿ ತಂದ ಎಮ್ಲಾ ಮುಲಾಮು ಈ ತತ್ವದ ಅತಿ ಸೊಗಸಾದ ಬಳಕೆ. ಲಿಗ್ನೋಕೇನ್ ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ರಿಲೋಕೇನ್ 38ರಲ್ಲಿ ಕರಗುತ್ತವೆ. ಸಮಪ್ರಮಾಣದಲ್ಲಿ ಬೆರೆತರೆ ಸುಮಾರು 18ರಲ್ಲೇ ದ್ರವವಾಗುತ್ತವೆ. ಬೇರೆ ಎಣ್ಣೆಯೇ ಬೇಡ, ಔಷಧವೇ ಹನಿಯಾಗುತ್ತದೆ. ಚರ್ಮಕ್ಕಿಳಿಯುವುದು ನೀರಿನಲ್ಲಿ ಕರಗಿದ ಅಲ್ಪ ಭಾಗ. ಅದು ಇಳಿದಂತೆಲ್ಲ ಹನಿಗಳು ಕೊರತೆ ತುಂಬುತ್ತವೆ. ಹನಿಗಳು ಒಂದುಗೂಡದಂತೆ ಕಾಯುವ ಎಮಲ್ಸಿಫೈಯರ್ ಹೆಚ್ಚಾದರೆ ಅದರ ಸೂಕ್ಷ್ಮ ಗುಚ್ಛಗಳು ಔಷಧವನ್ನು ಹಿಡಿದಿಟ್ಟು ಪರಿಣಾಮ ತಗ್ಗಿಸುತ್ತವೆ. ಮುಲಾಮು ಹಚ್ಚಿ, ಮುಚ್ಚಿ, ಒಂದು ಗಂಟೆಯಾದರೂ ಬಿಡಬೇಕು.

ಇದೇ ಹಂಚಿಕೆ ಜೀವವನ್ನೂ ಉಳಿಸುತ್ತದೆ. ನರ ಮರಗಟ್ಟಿಸಲು ಕೊಟ್ಟ ಬುಪಿವಕೇನ್ ರಕ್ತನಾಳಕ್ಕೆ ಹೊಕ್ಕರೆ ಹೃದಯ ನಿಲ್ಲಬಹುದು. ಸೋಯಾ ಎಣ್ಣೆಯ ಶೇ. 20ರ ಎಮಲ್ಷನ್ ಇದನ್ನು ತಡೆಯಬಲ್ಲದೆಂದು ಗೈ ವೈನ್‌ಬರ್ಗ್ ತಂಡ 1998ರಲ್ಲಿ ಇಲಿಗಳಲ್ಲಿ ತೋರಿಸಿತು. 2006ರಲ್ಲಿ ನ್ಯೂಯಾರ್ಕಿನಿಂದ, ಇದರಿಂದ ಬದುಕುಳಿದ ಮೊದಲ ರೋಗಿಯ ವರದಿ ಬಂತು. ವಯಸ್ಕರಿಗೆ ಮೊದಲು ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1.5 ಮಿ.ಲೀ. ಎಮಲ್ಷನ್ ಕೊಡುತ್ತಾರೆ. ಎಣ್ಣೆಹನಿ ಔಷಧವನ್ನು ಹೀರಿ ಇಟ್ಟುಕೊಳ್ಳುತ್ತದೆ ಎಂಬ ಹಳೆಯ ವಿವರಣೆ ಈಗ ಅರ್ಧಸತ್ಯ: ಹನಿಗಳು ಹೃದಯ, ಮಿದುಳುಗಳಿಂದ ಔಷಧವನ್ನು ಯಕೃತ್ತು, ಸ್ನಾಯುಗಳತ್ತ ಸಾಗಿಸುತ್ತವೆ, ಹೃದಯಕ್ಕೆ ನೇರ ಬಲವನ್ನೂ ಕೊಡುತ್ತವೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ತಾಲ್ಲೂಕು ಊರುಗಳಲ್ಲಿ ಸ್ಥಳೀಯ ಅರಿವಳಿಕೆ ಕೊಡುವವರಿಗೂ ಈ ರಸಾಯನಶಾಸ್ತ್ರ ದೂರದ್ದಲ್ಲ. ವೈದ್ಯಕೀಯ ಕಾಲೇಜುಗಳಿರುವುದು ವಿಜಯಪುರ ನಗರದಲ್ಲಿ. ವಿಷಪರಿಣಾಮ ಕಂಡ ಮೇಲೆ ಅಲ್ಲಿಗೆ ಸಾಗಿಸುವಷ್ಟು ಸಮಯ ಸಿಗದು. ಅರಿವಳಿಕೆ ಚುಚ್ಚುಮದ್ದು ಕೊಡುವ ಕೋಣೆಯಲ್ಲೇ ಎಮಲ್ಷನ್ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಬಯಲುಸೀಮೆಯಲ್ಲಿ ಅದನ್ನು 25 ಡಿಗ್ರಿ ಮೀರದಂತೆ, ಹೆಪ್ಪುಗಟ್ಟದಂತೆ ಕಾಪಾಡುವುದೂ ಅಷ್ಟೇ ಮುಖ್ಯ. ಎಣ್ಣೆ ಬೇರ್ಪಟ್ಟು ಮೇಲೆ ತೇಲಿದ ಬಾಟಲಿಯನ್ನು ರಕ್ತನಾಳಕ್ಕೆ ಕೊಡುವಂತಿಲ್ಲ: ಒಟ್ಟುಗೂಡಿದ ದೊಡ್ಡ ಹನಿಗಳು ಶ್ವಾಸಕೋಶದ ಲೋಮನಾಳಗಳನ್ನು ಮುಚ್ಚಬಲ್ಲವು.